ಬಿದ್ದಿದ್ದು ಒಂದು ಗಾಡಿ, ಕೇಸಿನಲ್ಲಿ ಇನ್ನೊಂದು

ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿ ದುಡ್ಡು ತಗೊಳ್ಳೋದನ್ನ ನಾವು ಕಳ್ಳತನ ಅನ್ನೋದಿಲ್ಲ. ‘ಅಡ್ಜಸ್ಟ್‌ಮೆಂಟ್’ ಅಂತೀವಿ. ನಮ್ಮ ಹಿರೇಹಡಗಲಿಯ ಚಹಾದಂಗಡಿಯಲ್ಲಿ ಕೇಳಿ, ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ ಕೇಳಿ, ವಿಧಾನ ಒಂದೇ. ಕತ್ತಲಲ್ಲಿ ಒಬ್ಬ ಬೈಕಿನಿಂದ ತಾನೇ ಬೀಳ್ತಾನೆ. ಕಾಲು ಮುರಿದದ್ದು ನಿಜ. ಆದರೆ ಗಾಡಿಗೆ ಇನ್ಶೂರೆನ್ಸ್ ಇಲ್ಲ. ಕೆಲವು ದಿನ ಬಿಟ್ಟು ಠಾಣೆಗೆ ದೂರು ಹೋಗುತ್ತೆ: ಇನ್ಶೂರೆನ್ಸ್ ಇರೋ ಯಾರದೋ ಗಾಡಿ ‘ಅತಿ ವೇಗ ಮತ್ತು ಅಜಾಗರೂಕತೆಯಿಂದ’ ಬಂದು ಗುದ್ದಿತು. ಆ ಗಾಡಿಯವನು ತಪ್ಪೊಪ್ಪಿಕೊಂಡು ದಂಡ ಕಟ್ಟುತ್ತಾನೆ. ಆಮೇಲೆ ಎಂವಿಸಿ ಕೇಸು.

ಇದರ ಬೇರು ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಪರಿಹಾರ ಸಿಗಬೇಕಾದರೆ ತಪ್ಪು ಇನ್ನೊಬ್ಬರದಾಗಿರಬೇಕು. ಇಳಕಲ್ಲಿನಿಂದ ಗುಡೂರಿಗೆ ಎರವಲು ಬೈಕಿನಲ್ಲಿ ಹೊರಟು ಎತ್ತಿನ ಬಂಡಿಗೆ ಗುದ್ದಿ ಸತ್ತವನ ಕೇಸಿನಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಇನ್ನೊಂದು ಮಾತು ಹೇಳಿತು: ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತಿರುತ್ತಾನೆ, ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಿಸುತ್ತಿದ್ದ ಆಗಿನ 163ಎ ಕಲಮು ಅವನಿಗೆ ಅನ್ವಯಿಸಲ್ಲ. ಬಡವನಿಗೆ ಇದು ಕಠಿಣ, ಒಪ್ಪೋಣ. ಆದರೆ ಇದಕ್ಕೆ ಮದ್ದು ಸುಳ್ಳಲ್ಲ. ಲೈಸೆನ್ಸ್ ಇರುವ ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ 2018ರಿಂದ ಇದೆ. ಅದನ್ನು ಊರೂರಿಗೆ ತಿಳಿಸೋರು ಯಾರು?

‘ಕಂಪನಿ ದುಡ್ಡು ತಾನೇ, ನಿನ್ನಪ್ಪಂದೇನು ಹೋಗ್ತೈತಿ’ ಅಂತಾರೆ. ನಮ್ಮಪ್ಪಂದೇ ಹೋಗೋದು. ಥರ್ಡ್ ಪಾರ್ಟಿ ಪ್ರೀಮಿಯಂ ಕಟ್ಟೋದು ಕಾನೂನಿನ ಕಡ್ಡಾಯ. ಟ್ರ್ಯಾಕ್ಟರಿನ ರೈತನೂ ಕಟ್ತಾನೆ, ಲೂನಾ ಮೇಲೆ ಮಲ್ಲಿಗೆ ಹೂವು ಮಾರೋನೂ ಕಟ್ತಾನೆ. ಅದಕ್ಕಿಂತ ದೊಡ್ಡ ಪೆಟ್ಟು ನಿಜವಾಗಿ ಗುದ್ದಿಸಿಕೊಂಡವರಿಗೆ. ಹತ್ತು ಸುಳ್ಳು ಕೇಸು ನೋಡಿದ ಕಂಪನಿ ಹನ್ನೊಂದನೆಯ ನಿಜದ ಕೇಸನ್ನೂ ಅನುಮಾನದಿಂದಲೇ ನೋಡುತ್ತೆ. ದೂರು ಎರಡು ದಿನ ತಡವಾದರೆ ಸಾಕು, ‘ಗಾಡಿ ಬದಲಾಯಿಸಿದ್ದೀರಿ’ ಅನ್ನುತ್ತೆ. ಗಂಡನನ್ನು ಕಳಕೊಂಡಾಕೆ ವರ್ಷಗಟ್ಟಲೆ ಕಟಕಟೆ ಹತ್ತಿ ಇಳಿಯಬೇಕು.

ಇದು ಒಬ್ಬಂಟಿ ಬಡವನ ಸುಳ್ಳೂ ಅಲ್ಲ. ಉತ್ತರ ಪ್ರದೇಶದಲ್ಲಿ 2015ರಲ್ಲಿ ಹೈಕೋರ್ಟಿನ ಆದೇಶದಂತೆ ಎಸ್‌ಐಟಿ ರಚನೆಯಾಯಿತು. ಅದರ ಮುಂದೆ ಬಂದ ಅನುಮಾನದ ಕ್ಲೇಮುಗಳು 1,376. ಸುಪ್ರೀಂ ಕೋರ್ಟಿಗೆ 2021ರಲ್ಲಿ ವರದಿ ಕೊಡುವ ಹೊತ್ತಿಗೆ ವಿಚಾರಣೆ ಮುಗಿದದ್ದು 246. ಅಷ್ಟರಲ್ಲೇ 166 ಆರೋಪಿಗಳು. ಅರ್ಜಿದಾರರ ಜೊತೆ ವಕೀಲರು, ಪೊಲೀಸರು, ವೈದ್ಯರು, ವಿಮಾ ಕಂಪನಿ ನೌಕರರು, ಗಾಡಿ ಮಾಲೀಕರು ಎಲ್ಲರೂ ಇದ್ದರು. ಜಾತ್ರೆಯ ತೇರು ಎಳೆದ ಹಾಗೆ, ಒಬ್ಬೊಬ್ಬರದು ಒಂದೊಂದು ಕೈ.

ಈಗ ಕೋರ್ಟಿನ ಕಡೆ ನೋಡ್ರಿ. ಎರಡು ಟ್ವೀಟಿಗೆ ಪ್ರಶಾಂತ್ ಭೂಷಣ್ ಮೇಲೆ ಸುಪ್ರೀಂ ಕೋರ್ಟು ತಾನಾಗಿಯೇ ನ್ಯಾಯಾಂಗ ನಿಂದನೆ ಕೇಸು ಹಾಕಿ 2020ರಲ್ಲಿ 1 ರೂಪಾಯಿ ದಂಡ ಹಾಕಿತು. ಸುಳ್ಳು ಅಫಿಡವಿಟ್ಟು ಹಾಕುವುದೂ ನ್ಯಾಯಾಂಗ ನಿಂದನೆಯೇ ಅಂತ ಅದೇ ಕೋರ್ಟು 1995ರಲ್ಲೇ ಹೇಳಿದೆ. ಹಾಗಿದ್ದರೂ ಎಂವಿಸಿ ಕೇಸಿನಲ್ಲಿ ಸುಳ್ಳು ಬಯಲಾದರೆ ಸಾಮಾನ್ಯವಾಗಿ ಆಗೋದು ಇಷ್ಟೇ: ಅರ್ಜಿ ವಜಾ. ಸಿಕ್ಕಿದರೆ ಲಕ್ಷ, ಸಿಕ್ಕಿಬಿದ್ದರೆ ಬರೀ ಓಡಾಟದ ಖರ್ಚು. ಇಂಥ ಜೂಜು ಯಾರು ಬಿಡ್ತಾರೆ?

ಇಂಗ್ಲೆಂಡಿನಲ್ಲಿ ಗಾಯ ಉಬ್ಬಿಸಿ ಪರಿಹಾರ ಕೇಳಿದವರ ಮೇಲೆ ವಿಮಾ ಕಂಪನಿಗಳೇ ಅನುಮತಿ ಪಡೆದು ನಿಂದನೆ ಅರ್ಜಿ ಹಾಕುತ್ತವೆ. 2 ವರ್ಷದವರೆಗೂ ಜೈಲಿದೆ. ನಮ್ಮ 1971ರ ಕಾಯ್ದೆಯಲ್ಲಿ ಗರಿಷ್ಠ 6 ತಿಂಗಳು, ದಂಡ 2,000 ರೂಪಾಯಿ. ಸುಳ್ಳು ಸಾಕ್ಷ್ಯಕ್ಕೆ 7 ವರ್ಷದ ಶಿಕ್ಷೆಯೇನೋ ಇದೆ. ಆದರೆ ಅದಕ್ಕೆ ದೂರು ಕೋರ್ಟಿನಿಂದಲೇ ಹೋಗಬೇಕು, ಹಿಂದಿನ 340ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 379. ನ್ಯಾಯಾಧೀಶರು ಪೆನ್ನು ಎತ್ತದಿದ್ದರೆ ಆ 7 ವರ್ಷ ಪುಸ್ತಕದ ಬದನೆಕಾಯಿ.

ಎತ್ತಲಿ. ಆದರೆ ಕಾಲು ಮುರಿದುಕೊಂಡವನಿಂದ ಶುರು ಮಾಡೋದು ಬೇಡ. ಸುಳ್ಳು ಅಂತ ತೀರ್ಪಾದ ಪ್ರತಿ ಕೇಸಿನಲ್ಲೂ ಮೊದಲು ಗಾಡಿ ಬದಲಾಯಿಸಿದ ಚಾರ್ಜ್‌ಶೀಟು ಯಾರದು, ಇಲ್ಲದ ಅಂಗವಿಕಲತೆಗೆ ಪರ್ಸೆಂಟೇಜ್ ಬರೆದ ಸಹಿ ಯಾರದು, ಅರ್ಜಿ ಹೆಣೆದವರು ಯಾರು ಅಂತ ಕೇಳಲಿ. ತಾನಾಗಿ ಬಂದು ನಿಜ ಹೇಳಿ ಅರ್ಜಿ ವಾಪಸ್ ತಗೊಂಡ ಬಡವನಿಗೆ ರಿಯಾಯಿತಿ ಇರಲಿ. ಓದಿ ಪದವಿ ಪಡೆದು ಸುಳ್ಳಿಗೆ ಸೀಲು ಒತ್ತುವವನಿಗೆ ಯಾವ ರಿಯಾಯಿತಿಯೂ ಬೇಡ. ಟೀಕೆಯಿಂದ ಕೋರ್ಟಿನ ಮರ್ಯಾದೆ ಹೋಗಲ್ಲ. ಸುಳ್ಳು ಅಂತ ಗೊತ್ತಾದ ಮೇಲೂ ‘ಅರ್ಜಿ ವಜಾ’ ಅಂತ ಬರೆದು ಫೈಲು ಮುಚ್ಚಿದಾಗ ಹೋಗುತ್ತೆ.