ಹಿತ್ತಲ ಗಿಡವೇ ಮದ್ದು

1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡುಬಂದ ಅಪೂರ್ವ ರಕ್ತಗುಂಪೊಂದನ್ನು ವರದಿ ಮಾಡಿದರು. ಜಗತ್ತು ಇಂದಿಗೂ ಅದನ್ನು ‘ಬಾಂಬೆ ರಕ್ತಗುಂಪು’ ಎಂದೇ ಕರೆಯುತ್ತದೆ. ವರದಿ ಅಚ್ಚಾದದ್ದು ಲಂಡನ್ನಿನ ‘ಲ್ಯಾನ್ಸೆಟ್’ನಲ್ಲಿ. ಅಲ್ಲಿನ ತಜ್ಞರೂ ಸಹಲೇಖಕರಾಗಿದ್ದುದರಿಂದ ಅದು ಸಹಜವೇ ಆಗಿತ್ತು.

ಇಂದು ಆ ನೆಪ ಸಲ್ಲದು. ಪರೇಲಿನ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜು ಹಾಗೂ ಕೆ.ಇ.ಎಂ. ಆಸ್ಪತ್ರೆಯ ಅಧ್ಯಾಪಕ ವರ್ಗ 1955ರಲ್ಲೇ ‘ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್’ ಆರಂಭಿಸಿತು. ವೈದ್ಯಕೀಯ ನೀತಿಯನ್ನು ಚರ್ಚಿಸುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ ಕೂಡ 1993ರಲ್ಲಿ ಬೇರೊಂದು ಹೆಸರಿನಿಂದ ಇದೇ ನಗರದಲ್ಲಿ ಹುಟ್ಟಿತು. ಎರಡನ್ನೂ ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಆದರೂ ನಮ್ಮ ಸಂಶೋಧಕರಲ್ಲಿ ಅನೇಕರಿಗೆ ಇವು ಕೊನೆಯ ಆಯ್ಕೆ. ಹಿತ್ತಲ ಗಿಡ ಮದ್ದಲ್ಲವಷ್ಟೆ!

ತಪ್ಪು ಅವರೊಬ್ಬರದಲ್ಲ. ಗ್ರಂಥಾಲಯಗಳು ಪತ್ರಿಕೆಗಳನ್ನು ಆರಿಸಿಕೊಳ್ಳಲು ನೆರವಾಗಲೆಂದು ಯೂಜೀನ್ ಗಾರ್ಫೀಲ್ಡ್ ರೂಪಿಸಿದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಂಕಿ ಇಂದು ಮನುಷ್ಯರನ್ನು ತೂಗುವ ತಕ್ಕಡಿಯಾಗಿದೆ. ಬಡ್ತಿ ಸಮಿತಿಗಳು ಪ್ರಬಂಧವನ್ನು ಓದುವ ಬದಲು ಪತ್ರಿಕೆಯ ಹೆಸರನ್ನು ಓದುತ್ತವೆ.

ಇದರ ಬೆಲೆ ತೆರುವವರು ಯಾರು? ಮುಕ್ತ ಪ್ರಕಟಣೆಗೆ ‘ನೇಚರ್’ ಪತ್ರಿಕೆ 2020ರಲ್ಲಿ ಘೋಷಿಸಿದ ಶುಲ್ಕ 9,500 ಯೂರೋ. ಓದುವುದಕ್ಕಾಗಿ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರು ಮಾಡಿದೆ. ಸಂಶೋಧನೆಗೂ ನಮ್ಮ ತೆರಿಗೆ, ಅದನ್ನು ಮರಳಿ ಓದುವುದಕ್ಕೂ ನಮ್ಮ ತೆರಿಗೆ! ಒಂದು ಕುರ್ಚಿ ಕೊಳ್ಳಲೂ ದರಪಟ್ಟಿ ತರಿಸಿ ಸಮರ್ಥನೆ ಬರೆಯಬೇಕಾದ ನಮ್ಮಂತಹ ಸರ್ಕಾರಿ ನೌಕರರಿಗೆ ಈ ಔದಾರ್ಯ ಅರ್ಥವಾಗುವುದಿಲ್ಲ. ಈ ಯೋಜನೆ ಸರ್ಕಾರಿ ವಿದ್ಯಾಸಂಸ್ಥೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಮೀಸಲು. ಕಲಬುರಗಿ, ವಿಜಯಪುರಗಳಿಂದ ಪರೇಲಿಗೆ ಬಂದು ಚಿಕಿತ್ಸೆ ಪಡೆದು ಮರಳುವ ರೋಗಿಯನ್ನು ಊರಿನಲ್ಲಿ ನೋಡಿಕೊಳ್ಳುವ ಖಾಸಗಿ ವೈದ್ಯನಿಗೆ ಆ ಬಾಗಿಲು ತೆರೆದಿಲ್ಲ.

ವಿದೇಶೀ ಪತ್ರಿಕೆಗಳಲ್ಲಿ ಪರಿಶೀಲನೆ ಕಟ್ಟುನಿಟ್ಟು ಎಂಬ ವಾದವುಂಟು. ಹಣ ಪಡೆದು ಏನನ್ನಾದರೂ ಅಚ್ಚುಹಾಕುವ ಅಂಗಡಿಗಳು ನಮ್ಮಲ್ಲಿ ಇರುವುದೂ ನಿಜ. ಅವನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಪರಿಶೀಲನೆಯ ಗುಣ ಪರಿಶೀಲಕರಿಂದ ಬರುತ್ತದೆ. ವಿದೇಶೀ ಪತ್ರಿಕೆಗಳಿಗೆ ಸಂಭಾವನೆಯಿಲ್ಲದೆ ದುಡಿಯುವ ನಮ್ಮ ವಿದ್ವಾಂಸರು ಆ ಶ್ರಮದಲ್ಲಿ ಅರ್ಧವನ್ನು ಪರೇಲಿಗೆ ಕೊಡಲಿ. ಒಳ್ಳೆಯ ಪ್ರಬಂಧಗಳು ಬಾರದೆ ಒಳ್ಳೆಯ ಪತ್ರಿಕೆ ಬೆಳೆಯದು.

ಬೆಳೆದದ್ದನ್ನು ಉಳಿಸಿಕೊಳ್ಳುವ ಎಚ್ಚರವೂ ಬೇಕು. ಮುಕ್ತ ಓದಿಗೆ ದಾರಿ ತೆರೆದ ಮುಂಬಯಿಯ ‘ಮೆಡ್‌ನೋ’ ಪ್ರಕಾಶನವನ್ನು 2011ರಲ್ಲಿ ನೆದರ್ಲೆಂಡ್ಸ್ ಮೂಲದ ವೋಲ್ಟರ್ಸ್ ಕ್ಲೂವರ್ ಕೊಂಡುಕೊಂಡಿತು.

ನಾವು ಕೇಳುವುದು ಎರಡೇ. ಸಾರ್ವಜನಿಕ ಹಣದ ಸಂಶೋಧನೆ ಎಲ್ಲೇ ಅಚ್ಚಾದರೂ ಅದನ್ನು ಸಾರ್ವಜನಿಕರು ಉಚಿತವಾಗಿ ಓದುವಂತಿರಲಿ. ಬಡ್ತಿ ಸಮಿತಿಗಳು ಪ್ರಬಂಧವನ್ನು ಓದಿ ತೀರ್ಪು ಕೊಡಲಿ. ಸರ್ಕಾರಿ ವಾರ್ಡಿನ ಮಂಚದ ಮೇಲೆ ಮಲಗಿ ರಕ್ತ ಕೊಟ್ಟ ರೋಗಿಗೆ ನಾವು ತೀರಿಸಬೇಕಾದ ಋಣದಲ್ಲಿ ಇದು ತೀರಾ ಸಣ್ಣ ಪಾಲು.