ಹಳೆ ಫಿಯೆಟ್ಟಿಗೆ ನೂರಕ್ಕೆ ಎಷ್ಟು ಅಂಕ?

ಮಾಷ್ಟ್ರ ಕೆಲಸದಲ್ಲಿ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಕಂಡದ್ದಕ್ಕೆಲ್ಲ ಅಂಕ ಕೊಡುವುದು. ಮದುವೆ ಮನೆಯ ಪಾಯಸಕ್ಕೆ, ಆಟದ ಭಾಗವತರಿಗೆ, ಬಸ್ಸಿನ ಕಂಡಕ್ಟರನಿಗೆ... ಮೊನ್ನೆ ಭಾನುವಾರ ಒಂದು ಕಾರಿಗೆ ಅಂಕ ಕೊಟ್ಟು ಬಂದೆ. ಅಂದಿನಿಂದ ಅಳಿಯ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ನಾನು ಮಾಡಿದ್ದು ತಪ್ಪೋ ಸರಿಯೋ, ಪೂರ್ತಿ ಓದಿ ನೀವೇ ಹೇಳಿ.

ಅಳಿಯ ಅಂದರೆ ಅಕ್ಕನ ಮಗ. ಗಲ್ಫಿನಲ್ಲಿ ಕೆಲಸ, ವರ್ಷಕ್ಕೊಂದು ತಿಂಗಳು ರಜೆ. ಅವನ ಅಪ್ಪ, ಅಂದರೆ ನನ್ನ ಭಾವ, ಪುತ್ತೂರಿನ ಕಡೆಯ ಡಾಕ್ಟರರೊಬ್ಬರ ಮನೆಯಲ್ಲಿ ಡ್ರೈವರಾಗಿದ್ದರು. 1971ರ ಫಿಯೆಟ್. ವಾರಕ್ಕೊಮ್ಮೆ ಗಡಿ ದಾಟಿ ಪೆರ್ಲದ ಮನೆಗೆ ಬರುತ್ತಿದ್ದ ಭಾವ, ಹುಡುಗನಿಗೆ ಕಾರಿನ ಕೀಲಿ ಕೊಟ್ಟು ಅದರ ತಗಡಿನ ಮೇಲಿದ್ದ ನಂಬರನ್ನು ಓದಿಸುತ್ತಿದ್ದರು. ಅವನು ಅಂಕಿ ಕಲಿತದ್ದೇ ಹಾಗೆ. ಭಾವ ತೀರಿಹೋಗಿ ಒಂಬತ್ತು ವರ್ಷವಾಯಿತು. ಈಗ ಡಾಕ್ಟರರ ಮೊಮ್ಮಗ ಹಳೆಮನೆ ಕೆಡವಿಸುತ್ತಿದ್ದಾರೆ. ಹದಿನೆಂಟು ವರ್ಷದಿಂದ ಶೆಡ್ಡಿನಲ್ಲಿ ನಿಂತೇ ಇರುವ ಆ ಕಾರನ್ನು ಎಪ್ಪತ್ತು ಸಾವಿರಕ್ಕೆ ಕೊಡುತ್ತೇನೆ ಅಂದಿದ್ದಾರೆ. ಅಳಿಯನಿಗೆ ಅದೇ ಬೇಕು. ದುಡ್ಡು ಮಾತ್ರ ಅಕ್ಕನ ಹೆಸರಿನ ನಾಲ್ಕೂವರೆ ಲಕ್ಷದ ಠೇವಣಿಯದ್ದು. ಅದು ಮನೆಯ ಮಾಡು ಬಿಚ್ಚಿ, ಗೆದ್ದಲು ಹಿಡಿದ ಪಕ್ಕಾಸು ಬದಲಿಸಲಿಕ್ಕೆ ಇಟ್ಟ ಹಣ.

ಈ ಕಾರಿನ ಮೇಲೆ ಜನರಿಗೆ ಮೋಹ ಯಾಕೆ ಎಂಬುದು ನನಗೂ ಗೊತ್ತು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100, ಆಮೇಲೆ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿಯ ಪುಟ್ಟ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮನೆಮಂದಿಯೆಲ್ಲ ಹಿಡಿಸುವ ಸೀಟು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಇಲ್ಲದಾಗುತ್ತಿರುವ ವಸ್ತುವಿಗೆ ಬೆಲೆ ಏರುವುದು ಲೋಕರೂಢಿ.

ಆದರೆ ನನ್ನ ಅಭಿಪ್ರಾಯ ಇಷ್ಟೆ: ಇಂಥ ಕಾರಿನ ವಿಚಾರದಲ್ಲಿ ಮಾರುವವರು ಹೇಳುವ ಬೆಲೆಯೇ ಎಲ್ಲಕ್ಕಿಂತ ಸಣ್ಣ ಖರ್ಚು. ನಾವು ಚೌಕಾಸಿ ಮಾಡುವುದು ಮಾತ್ರ ಅದೊಂದನ್ನೇ. ಆದ್ದರಿಂದ ನಾನು ಬೆಲೆಯನ್ನು ಬದಿಗಿಟ್ಟು ನೂರು ಅಂಕವನ್ನು ಹೀಗೆ ಹಂಚಿದೆ. ಬಾಡಿಗೆ 40, ಕಾಗದಪತ್ರಕ್ಕೆ 25, ಬಿಡಿಭಾಗ ಸಿಗುತ್ತದೆಯೇ ಎಂಬುದಕ್ಕೆ 15, ಕೆಲಸಗಾರರಿಗೆ 10, ಎಂಜಿನಿಗೆ 10.

ಎಂಜಿನಿಗೆ ಹತ್ತೇ ಯಾಕೆ ಅಂತ ಅಳಿಯನೂ ಕೇಳಿದ. ಎಲ್ಲರೂ ಮೊದಲು ಬಾನೆಟ್ ಎತ್ತಿ ನೋಡುತ್ತಾರೆ, ಸ್ಟಾರ್ಟ್ ಆಯಿತು ಅಂದರೆ ಅರ್ಧ ಮನಸ್ಸು ಅಲ್ಲೇ ಕೊಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ. ಈ ಎಂಜಿನ್ ಸರಳ. ಜಾಮ್ ಆಗಿದ್ದರೂ ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು ಕೆಲವು ದಿನ ಕಾದರೆ ಎಷ್ಟೋ ಸಲ ತಿರುಗುತ್ತದೆ. ತಿರುಗದಿದ್ದರೆ ಇಳಿಸಿ ಕಟ್ಟಬಹುದು, ಅಥವಾ ಬೇರೆ ಎಂಜಿನ್ ತಂದು ಕೂರಿಸಿ ಆರ್‌ಸಿಯಲ್ಲಿ ಅದರ ನಂಬರು ಬರೆಸಬಹುದು. ಬಾಡಿಗೆ ಅಂಥ ದಾರಿಯಿಲ್ಲ.

ಜೀಪಿನಲ್ಲಿ ಚಾಸಿ ಬೇರೆ, ಬಾಡಿ ಬೇರೆ. ನಮ್ಮ ಗುಡ್ಡೆ ಕಡೆಯ ಹಳೆ ಜೀಪುಗಳಿಗೆ ಮೈಯೆಲ್ಲ ತೂತು ಬಿದ್ದರೂ ಅವು ಓಡುವುದು ಅದಕ್ಕೇ. ಫಿಯೆಟ್ ಹಾಗಲ್ಲ. ಅದರ ನೆಲದ ತಗಡು, ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿ, ಚಕ್ರದ ಗೂಡು ಎಲ್ಲ ಸೇರಿಯೇ ಚಾಸಿ. ಅದಕ್ಕೆ ತುಕ್ಕು ಹಿಡಿಯಿತು ಅಂದರೆ ಬೆನ್ನುಮೂಳೆಗೇ ಹಿಡಿದಂತೆ. ಇನ್ನು ನಮ್ಮ ಕಡೆಯ ಮಳೆಗಾಲದ ತೇವದ ವಿಷಯ ನಿಮಗೆ ಹೇಳಬೇಕಾಗಿಲ್ಲ. ಕೊಟ್ಟಗೆಯ ಕತ್ತಿಗೇ ತಿಂಗಳಲ್ಲಿ ತುಕ್ಕು ಬರುವ ಊರು. ಮಣ್ಣಿನ ನೆಲದ ಶೆಡ್ಡಿನಲ್ಲಿ ನಿಂತ ಕಾರು ಕೆಳಗಿನಿಂದಲೇ ಕರಗುತ್ತದೆ, ಮೇಲಿನ ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ.

ಬಾಡಿ ಪರೀಕ್ಷೆಗೆ ದೊಡ್ಡ ವಿದ್ಯೆ ಬೇಡ. ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಜಾಕಿ, ಒಂದು ಟಾರ್ಚು ಸಾಕು. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆ ಸರಿಸಿ. ಹಿಡಿಯದ ಕಡೆ ಒಳಗಿರುವುದು ಕಬ್ಬಿಣವಲ್ಲ, ಪುಟ್ಟಿ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ, ಬ್ಯಾಟರಿಯ ಅಡಿ ನೋಡಿ, ಡಿಕ್ಕಿಯ ಮೂಲೆಗಳಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ. ಕೊನೆಗೆ ಒಂದು ಬದಿಗೆ ಜಾಕಿ ಕೊಟ್ಟು ಎತ್ತಿ, ಅದೇ ಬದಿಯ ಬಾಗಿಲು ತೆಗೆದು ಹಾಕಿ ನೋಡಿ. ನೆಲದಲ್ಲಿದ್ದಾಗ ಸರಿ ಕೂರುತ್ತಿದ್ದ ಬಾಗಿಲು ಆಗ ಬಿಗಿಯಿತು ಅಂದರೆ ಕಾರು ನಡುವಲ್ಲಿ ಬಾಗುತ್ತಿದೆ ಎಂದೇ ಅರ್ಥ. ಭಾವ ಕೂರುತ್ತಿದ್ದ ಸೀಟಿನ ಕೆಳಗೆ ನನ್ನ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಜಾಕಿ ಕೊಡಲಿಕ್ಕೇ ಗಟ್ಟಿ ಜಾಗ ಸಿಗಲಿಲ್ಲ. ಅಳಿಯ ಆ ಹೊತ್ತಿಗೆ ಆ ಕಡೆ ತಿರುಗಿ ನಿಂತಿದ್ದ. ಬಾಡಿಗೆ 40ರಲ್ಲಿ 8 ಕೊಟ್ಟೆ. ಅದೂ ಮಾಡು ಮತ್ತು ಬಾನೆಟ್ ಚೆನ್ನಾಗಿತ್ತು ಎಂಬ ಕಾರಣಕ್ಕೆ.

ಇನ್ನು ಕಾಗದ. ಗಡಿಯ ಈಚೆಗಿರುವ ನಮಗೆ ಇದು ಎರಡು ಪಟ್ಟು ತೊಡಕು. ಕಾರು ಮೈಸೂರು ರಾಜ್ಯ ಎಂಬ ಹೆಸರಿದ್ದಾಗಿನದ್ದು, ನಂಬರು ಎಂವೈ ಸರಣಿಯದ್ದು. ಆರ್‌ಸಿ ಡಾಕ್ಟರರ ಹೆಸರಿನಲ್ಲೇ ಇದೆ, ಅವರು ಈಗಿಲ್ಲ. ಮೊದಲು ವಾರಸುದಾರರೆಲ್ಲ ಒಪ್ಪಿ ಫಾರ್ಮ್ 31ರಲ್ಲಿ ಹೆಸರು ಬದಲಾಗಬೇಕು. ಆಮೇಲೆ ಅವರಿಂದ ನಮಗೆ. ಕಾಸರಗೋಡಿಗೆ ತಂದು ಇಟ್ಟುಕೊಳ್ಳಲು ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ಬೇಕು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರು ಪಡೆಯಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅದರ ಶುಲ್ಕ 2022ರಲ್ಲಿ ಐದು ಸಾವಿರವಾಯಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಹತ್ತು ಸಾವಿರವಾಯಿತು. ತಡವಾದದ್ದಕ್ಕೆ ಹೆಚ್ಚುವರಿ ಬೇರೆ. ದೊಡ್ಡ ಗೋಜಲು ಇರುವುದು ಇಲ್ಲಿ: ನವೀಕರಣಕ್ಕೆ ಕಾರನ್ನು ತಪಾಸಣೆಗೆ ಒಯ್ದು ತೋರಿಸಬೇಕು, ಅಂದರೆ ಅದು ಓಡುವಂತಿರಬೇಕು. ದುಡ್ಡು ಮೊದಲು ಸುರಿಯಬೇಕು, ಕಾಗದ ಆಗುತ್ತದೋ ಇಲ್ಲವೋ ಗೊತ್ತಾಗುವುದು ಆಮೇಲೆ!

"ಮಾವ, ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆಯಲ್ಲ?" ಅಂದ ಅಳಿಯ. ಇದೆ. 2021ರ ನಿಯಮ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ, ಹತ್ತು ವರ್ಷದ ಅವಧಿ. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು, ಮತ್ತು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥವಕ್ಕಷ್ಟೇ ರಸ್ತೆಗೆ ಇಳಿಸಬಹುದು. ಇವನಿಗಿರುವ ಆಸೆ ಅಮ್ಮನನ್ನು ಕೂರಿಸಿಕೊಂಡು ಮಧೂರು ದೇವಸ್ಥಾನಕ್ಕೆ ಹೋಗುವುದು. ಅದಕ್ಕೆ ಸಾಧಾರಣ ನೋಂದಣಿಯೇ ಬೇಕು. ಆಗ ಬರುವುದು ಕೆಎಲ್-14ರ ಹೊಸ ನಂಬರು. ಅಪ್ಪ ಓದಿಸಿದ ನಂಬರು ಹೋಗಿಬಿಡುತ್ತದೆ. ಇದನ್ನು ಹೇಳಿದಾಗ ಅವನು ಏನೂ ಮಾತಾಡಲಿಲ್ಲ. ಕಾಗದಕ್ಕೆ 25ರಲ್ಲಿ 9.

ಬಿಡಿಭಾಗಕ್ಕೆ 11 ಕೊಟ್ಟೆ. ಲಕ್ಷಗಟ್ಟಲೆ ತಯಾರಾದ ಗಾಡಿಯಾದ್ದರಿಂದ ಎಂಜಿನ್, ಬ್ರೇಕಿನ ಸಾಮಾನು ಹುಡುಕಿದರೆ ಸಿಗುತ್ತದೆ. ಸಿಗದೆ ಸತಾಯಿಸುವುದು ಹೊಳೆಯುವ ಪಟ್ಟಿ, ಲಾಂಛನ, ಗಾಜಿನ ಸುತ್ತಲಿನ ರಬ್ಬರು. ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಇರುವುದರಿಂದ ಹಳೆ ರಬ್ಬರ್ ಪೈಪು, ಪಂಪಿನ ಪೊರೆ ಎಲ್ಲ ಬದಲಿಸಿಯೇ ಓಡಿಸಬೇಕು. ಕೆಲಸಗಾರರಿಗೆ 8. ಬದಿಯಡ್ಕದ ಕಡೆ ಫಿಯೆಟ್ಟಿನ ಕೈ ಬಲ್ಲ ಹಿರಿಯರೊಬ್ಬರಿದ್ದಾರೆ. ಆದರೆ ಎಪ್ಪತ್ತು ದಾಟಿದ್ದಾರೆ, ಅವರ ನಂತರ ಯಾರು ಎಂದು ಕೇಳಿದರೆ ಅವರೇ ನಕ್ಕರು. ಎಂಜಿನ್ ಕೈಯಲ್ಲಿ ತಿರುಗಿತು, 6. ಒಟ್ಟು 42.

"ಪಾಸಿಗೆ 35 ಸಾಕಲ್ಲ ಮಾವ" ಅಂದ. ಒಳ್ಳೆಯ ಪ್ರಶ್ನೆ. ಆದರೆ ಈ ಪರೀಕ್ಷೆಯಲ್ಲಿ ಬಾಡಿಯಲ್ಲೂ ಕಾಗದದಲ್ಲೂ ಪ್ರತ್ಯೇಕವಾಗಿ ಅರ್ಧದಷ್ಟಾದರೂ ಬರಬೇಕು. ಉಳಿದ ವಿಷಯದ ಅಂಕ ತಂದು ಇಲ್ಲಿ ತುಂಬಿಸಲಿಕ್ಕಾಗುವುದಿಲ್ಲ.

ಖರ್ಚು ಕೂಡಿಸಿದೆವು. ತಗಡು ಕೆಲಸ ಮತ್ತು ಬಣ್ಣಕ್ಕೆ 1,80,000. ಎಂಜಿನ್, ಬ್ರೇಕು, ವಯರಿಂಗಿಗೆ 80,000. ಸೀಟು, ಟಯರು, ರಬ್ಬರಿಗೆ 60,000. ಕಾಗದ, ತೆರಿಗೆ, ಸಾಗಾಟಕ್ಕೆ 40,000. ಒಟ್ಟು 3,60,000. ಬಿಚ್ಚಿದ ಮೇಲೆ ಕಾಣುವ ಕೆಲಸಕ್ಕೆ ಮೂರನೇ ಒಂದಂಶ ಸೇರಿಸಿ ಎಂದು ಆ ಹಿರಿಯರು ಹೇಳಿದರು, 1,20,000. ಕಾರಿನ ಬೆಲೆ 70,000. ಎಲ್ಲ ಸೇರಿ ಐದೂವರೆ ಲಕ್ಷ. ಠೇವಣಿಯನ್ನೂ ಮೀರಿತು. ಅದೂ ಅವನು ವರ್ಷದಲ್ಲಿ ಹನ್ನೊಂದು ತಿಂಗಳು ಊರಲ್ಲೇ ಇಲ್ಲ. ಯಜಮಾನ ಎದುರಿಗಿಲ್ಲದ ತಗಡು ಕೆಲಸ ಹೇಗಾಗುತ್ತದೆ? ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅವನಿಗೆ ತಿಳಿಯುವುದು ಮುಂದಿನ ಮಳೆಗಾಲಕ್ಕೆ.

ನಿನ್ನೆ ರಾತ್ರಿ ಮತ್ತೆ ಫೋನು. "ಮಾವ, ಅರ್ಧಕ್ಕೆ ಕೊಡುತ್ತಾರಂತೆ. ಮೂವತ್ತೈದು ಸಾವಿರ!" ಐದೂವರೆ ಲಕ್ಷ ಐದು ಲಕ್ಷದ ಹದಿನೈದು ಸಾವಿರವಾಯಿತು, ಅಷ್ಟೆ. ತುಕ್ಕು ಅರ್ಧವಾಗಲಿಲ್ಲ. ಸುಮ್ಮನೆ ಕೊಟ್ಟರೂ ನಾನು ಬೇಡ ಎಂದೇ ಹೇಳುತ್ತೇನೆ.

ಹಾಗಾದರೆ ಹಳೆ ಕಾರು ಕೊಳ್ಳಲೇಬಾರದೇ? ಖಂಡಿತ ಕೊಳ್ಳಿ. ನೆಲದ ತಗಡು ಗಟ್ಟಿಯಿದ್ದು, ಆರ್‌ಸಿ ಚಾಲ್ತಿಯಲ್ಲಿದ್ದು, ಚಾಸಿ ನಂಬರು ಅದಕ್ಕೆ ತಾಳೆಯಾಗುವ ಕಾರು ಸಿಕ್ಕರೆ, ಎಂಜಿನ್ ಸತ್ತಿದ್ದರೂ ಎರಡು ಪಟ್ಟು ಬೆಲೆ ಕೊಟ್ಟು ತನ್ನಿ. ಕೊನೆಗೆ ಅದೇ ಅಗ್ಗ. ಇನ್ನು ಅಪ್ಪನ ನೆನಪಿಗೆ ಬೇಕು ಎಂದರೆ ಅದೂ ತಪ್ಪಲ್ಲ. ಆದರೆ ಅದನ್ನು ಹೂಡಿಕೆ ಎಂದು ಕರೆಯಬಾರದು, ಅದಕ್ಕೆ ಅಮ್ಮನ ಮಾಡಿನ ದುಡ್ಡು ಮುಟ್ಟಬಾರದು. ನೆನಪಿನ ಖರ್ಚನ್ನು ನೆನಪಿಟ್ಟುಕೊಳ್ಳುವವನೇ ದುಡಿದು ಕೊಡಬೇಕು.

ಅಕ್ಕನನ್ನು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದಳು: "ಅವರು ವಾರಕ್ಕೆರಡು ಸಲ ಆ ಕಾರಿಗೆ ಬಯ್ಯುತ್ತಿದ್ದರು. ಆದರೂ ಒರೆಸದೆ ಮಲಗಿದ ದಿನ ಇಲ್ಲ. ಮಗ ಕೇಳಿದರೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀನೇ ಹೇಳು." ಆದ್ದರಿಂದ ನಾನೇ ಹೇಳಿದ್ದೇನೆ. ಭಾನುವಾರದೊಳಗೆ ಅವರಿಗೆ ಉತ್ತರ ಕೊಡಬೇಕಂತೆ. ಅಳಿಯ ಸಿಟ್ಟಾದರೆ ಆಗಲಿ, ಮುಂದಿನ ರಜೆಗೆ ಬರುವಾಗ ಮನೆ ಸೋರದಿರಲಿ.

ನೀವು ನನ್ನ ಜಾಗದಲ್ಲಿದ್ದರೆ ಎಷ್ಟು ಅಂಕ ಕೊಡುತ್ತಿದ್ದಿರಿ?