ಅಜ್ಜಿಗೆ ಇಂಗ್ಲಿಷ್ ಕಲಿಸಬೇಡಿ, ಮೊಮ್ಮಗುವಿಗೆ ಕನ್ನಡ ಕಲಿಸಿ



ಇಲ್ಲಿ ಕತಾರಿನಲ್ಲಿ ಶುಕ್ರವಾರ ಅಂದರೆ ಊರಿಗೆ ಫೋನು ಮಾಡುವ ದಿನ. ಮಗುವಿನ ಕೈಗೆ ಫೋನು ಕೊಟ್ಟು "ಅಜ್ಜಿಗೆ ಹಾಯ್ ಹೇಳು" ಅನ್ನುತ್ತೇವೆ. ಮಗು ಹಾಯ್ ಅನ್ನುತ್ತೆ. ಅಜ್ಜಿ "ಊಟ ಆಯ್ತಾ ಪುಟ್ಟಾ?" ಅಂತಾರೆ. ಮಗು "ಯೆಸ್" ಅನ್ನುತ್ತೆ. ಮುಗಿಯಿತು! ಇದನ್ನೇ ಅಜ್ಜಿ-ಮೊಮ್ಮಕ್ಕಳ ನಂಟು ಅಂದುಕೊಂಡು ನಾವು ಸಮಾಧಾನ ಪಡುತ್ತಿದ್ದೇವೆ.

ನಂಟು ಗಟ್ಟಿಯಾಗಲು ವಿಡಿಯೋ ಕಾಲ್ ಮಾಡಿ, ಉಡುಗೊರೆ ಕಳಿಸಿ, ಫೋಟೋ ಹಂಚಿಕೊಳ್ಳಿ ಅನ್ನುವ ಸಲಹೆಗಳಿಗೆ ಬರವಿಲ್ಲ. ಅಜ್ಜಿ ಮತ್ತು ಮೊಮ್ಮಗು ಒಂದೇ ನುಡಿ ಆಡುವ ಮನೆಗೆ ಅವೆಲ್ಲಾ ಸರಿ. ನಮ್ಮ ಎಷ್ಟೋ ಮನೆಗಳಲ್ಲಿ ಮಾತೇ ಇಲ್ಲವಲ್ಲ ಸ್ವಾಮಿ!

ಇದಕ್ಕೆ ಪರಿಹಾರವೆಂಬಂತೆ ಊರಿನಲ್ಲಿ ಅಜ್ಜಿಯರೇ "ಕಮ್, ಈಟ್, ಸ್ಲೀಪ್" ಕಲಿಯುತ್ತಿದ್ದಾರೆ. ನೋಡುವವರಿಗೆ ಮುದ್ದಾಗಿ ಕಾಣಬಹುದು, ನನಗೆ ಸಂಕಟವಾಗುತ್ತೆ. ಅರವತ್ತು-ಎಪ್ಪತ್ತು ವರ್ಷ ಕನ್ನಡದಲ್ಲಿ ಬೈದು, ನಗಿಸಿ, ಊರಿನ ಜಗಳ ಬಿಡಿಸಿ ಬಾಳಿದ ಹೆಂಗಸು ಮೊಮ್ಮಗನ ಮುಂದೆ ಮೂರು ಪದದವಳಾಗಿಬಿಡುತ್ತಾಳೆ. ಮಗುವಿಗೆ ಸಿಗುವುದು ಲಾಡು ಕೊಡುವ ಒಂದು ಕೈ ಅಷ್ಟೇ. ಆಕೆ ಎಂಥ ಗಟ್ಟಿಗಿತ್ತಿ, ಎಷ್ಟು ತಮಾಷೆಯವಳು ಅನ್ನೋದು ಅದಕ್ಕೆ ಗೊತ್ತೇ ಆಗುವುದಿಲ್ಲ.

"ದೋಹಾದಲ್ಲಿ ಕನ್ನಡ ಎಲ್ಲಿಂದ ಬರಬೇಕು?" ಅಂತ ಕೇಳುವವರಿದ್ದಾರೆ. ಶಾಲೆ ಬಸ್ಸಿನಲ್ಲಿ ಮಲಯಾಳಿ ಗೆಳೆಯರಿಂದ ಮಲಯಾಳಂ, ಹಿಂದಿ ಸಿನಿಮಾದಿಂದ ಹಿಂದಿ, ತರಗತಿಯಲ್ಲಿ ಅರಬ್ಬಿ ಕಲಿಯುವ ಮಗುವಿಗೆ ಕನ್ನಡವೊಂದೇ ಭಾರವಾಯಿತೇ? ಇಂಗ್ಲಿಷ್ ಶಾಲೆಯಿಂದ ತಾನಾಗಿ ಬರುತ್ತೆ. ಕನ್ನಡಕ್ಕೆ ಅಪ್ಪ ಅಮ್ಮನ ಬಾಯಿ ಬಿಟ್ಟರೆ ಬೇರೆ ದಾರಿಯಿಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ, ಒಳ್ಳೆಯ ಕೆಲಸ. ಆದರೆ ವಾರಕ್ಕೊಂದು ತರಗತಿ ಮನೆಯ ಮಾತಿನ ಜಾಗ ತುಂಬಲಾರದು.

ಗಲ್ಫ್ ಕನ್ನಡಿಗರಿಗೆ ಇನ್ನೊಂದು ಮಾತೂ ಅನ್ವಯಿಸುತ್ತೆ. ಅಮೆರಿಕದಲ್ಲಿರುವವರು ಅಲ್ಲೇ ನೆಲೆಸಬಹುದು. ನಮ್ಮ ಇರವು ಕೆಲಸಕ್ಕೆ ಕಟ್ಟಿದ್ದು. ಕೆಲಸ ಮುಗಿದರೆ ಹೆಚ್ಚಿನವರು ಹೊರಡಲೇಬೇಕು. ೨೦೨೦ರಲ್ಲಿ ಕೊರೋನಾ ಬಂದಾಗ ಎಷ್ಟು ಮನೆಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದವು ನೆನಪಿದೆಯಲ್ಲ? ಹಾಗೆ ಮರಳಿದ ಮಗು ಬಾಳಬೇಕಾದ್ದು ಅದೇ ಅಜ್ಜ-ಅಜ್ಜಿಯ ಮನೆಯಲ್ಲಿ, ಅದೇ ಬೀದಿಯಲ್ಲಿ. ಕರ್ನಾಟಕದ ೨೦೧೫ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಸಿಬಿಎಸ್‌ಇ ಶಾಲೆಗಳನ್ನೂ ಬಿಟ್ಟಿಲ್ಲ. ಆಗ ಟ್ಯೂಷನ್ ಹುಡುಕುವ ಬದಲು ಈಗಲೇ ಮನೆಯಲ್ಲಿ ಕನ್ನಡ ಆಡಿದರೆ ನಷ್ಟವೇನು?

ಅಜ್ಜಿಗೂ ಮೊಮ್ಮಗುವಿಗೂ ಒಟ್ಟಿಗೆ ಮಾಡಲು ಕೆಲಸ ಬೇಕು, ಬರೀ ಕುಶಲ ಸಾಲದು. ಹೋದ ಸಲ ನಮ್ಮಮ್ಮ ಸಾಗರದಿಂದ ಬರುವಾಗ ಪೆಟ್ಟಿಗೆಯಲ್ಲಿ ಚೆನ್ನೆಮಣೆ ಹಾಕಿಕೊಂಡು ಬಂದರು. ಹದಿನಾಲ್ಕು ಗುಳಿ, ಒಂದು ಹಿಡಿ ಹುಣಸೆಬೀಜ. ಮೊದಲ ಎರಡು ದಿನ ಮಾತು ಬೇಕಾಗಲೇ ಇಲ್ಲ. ಮೂರನೇ ದಿನ ಅಜ್ಜಿ ಮೋಸ ಮಾಡಿದ್ದು ನನ್ನ ಮಗಳಿಗೆ ಗೊತ್ತಾಯಿತು. ಜಗಳ ಆಡಲು ಕನ್ನಡ ಬೇಕಾಯಿತು ನೋಡಿ, ಎಷ್ಟು ಬೇಗ ಬಂತು! (ಮೋಸ ಬೇಕೆಂದೇ ಮಾಡಿದ್ದೆ ಅಂತ ಅಮ್ಮ ಹೇಳುತ್ತಾರೆ. ನಾನು ನಂಬುವುದಿಲ್ಲ.)

ಅಪ್ಪ ಅಮ್ಮನನ್ನು ಕರೆಸುವವರು ದಯವಿಟ್ಟು ಜೂನ್-ಜುಲೈನಲ್ಲಿ ಕರೆಸಬೇಡಿ. ಆ ಬಿಸಿಲಿಗೆ ಅವರು ಫ್ಲಾಟಿನಲ್ಲಿ ಏಸಿ ಕೆಳಗೆ ಕೈದಿಗಳಾಗುತ್ತಾರೆ. ಡಿಸೆಂಬರಿನಲ್ಲಿ ಬಂದರೆ ಮೆಟ್ರೋ ಹತ್ತಿ ಸೂಕ್ ವಾಕಿಫ್‌ಗೆ ಹೋಗಬಹುದು. ಅಲ್ಲಿ ಮಸಾಲೆ ಅಂಗಡಿಯ ಮುಂದೆ ಅಜ್ಜಿಯೇ ಗುರು. ಯಾವುದು ಕೊತ್ತಂಬರಿ, ಯಾವುದು ಜೀರಿಗೆ ಅಂತ ಮೂಸಿ ಹೇಳುವ ಆಟ ಮಕ್ಕಳಿಗೆ ಬೇಸರವೇ ಆಗಲ್ಲ.

ನಮ್ಮ ಮಕ್ಕಳಿಗೆ ರಜೆ ಸಿಗುವುದು ಜುಲೈ-ಆಗಸ್ಟ್. ಊರಿನ ಮಕ್ಕಳಿಗೆ ಆಗ ಶಾಲೆ. ಆಡಲು ಯಾರೂ ಇಲ್ಲ, ಮಲೆನಾಡಾದರೆ ಹೊರಗೆ ಜಡಿಮಳೆ. ಅದಕ್ಕೇ ಎಷ್ಟೋ ಮಂದಿ ನಾಲ್ಕು ದಿನ ಊರಲ್ಲಿದ್ದು ಉಳಿದ ರಜೆಯನ್ನು ಬೆಂಗಳೂರಿನ ಮಾಲ್‌ಗಳಲ್ಲಿ ಕಳೆಯುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಕಾಲ ಸಿಗದು. ಮಳೆಗೆ ಅಜ್ಜಿಯೂ ಮನೆಯೊಳಗೆ, ಮಗುವೂ ಮನೆಯೊಳಗೆ. ಕೆಸುವಿನ ಎಲೆ ತಂದು ಪತ್ರೊಡೆ ಸುತ್ತುವ ದಿನಗಳು. ಮುಂದಿನ ಸಲ ಟಿಕೆಟ್ ಮಾಡಿಸುವಾಗ ಊರಿಗೆ ಮೂರು ವಾರ ಬಿಡಿ, ಮತ್ತು ಮಗುವಿನ ಟ್ಯಾಬ್ ದೋಹಾದಲ್ಲೇ ಇರಲಿ.